ರಾತ್ರಿ ಊರಲ್ಲೇ ಉಳಿಯುವ ಬಸ್ಸು

ನಮ್ಮ ರಾಜ್ಯದ ಸರ್ಕಾರಿ ಬಸ್ಸಿನ ಇತಿಹಾಸ ಹೇಳುವವರು ಸಾಮಾನ್ಯವಾಗಿ ಒಂದು ಹೊಸ ಬಸ್ಸಿನಿಂದ ಇನ್ನೊಂದು ಹೊಸ ಬಸ್ಸಿಗೆ ಹೋಗುತ್ತಾರೆ. ಮೊದಲು ಕೆಂಪು ಬಸ್ಸು, ಆಮೇಲೆ ರಾಜಹಂಸ, ಆಮೇಲೆ ಐರಾವತ, ಈಗ ಎಲೆಕ್ಟ್ರಿಕ್. ಎಲ್ಲವೂ ನಿಜ, ಚೆನ್ನಾಗಿಯೂ ಇದೆ. ಆದರೆ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸುವ ಬಸ್ಸು ಬೇರೆ. ಸಂಜೆ ಪೇಟೆ ಬಿಟ್ಟು, ರಾತ್ರಿ ಎಂಟೂವರೆ ಸುಮಾರಿಗೆ ಯಾವುದೋ ಹಳ್ಳಿಯ ಕೊನೆ ಸ್ಟಾಪಿಗೆ ಬಂದು, ಅಲ್ಲೇ ನಿಂತು, ಬೆಳಗ್ಗೆ ಆರಕ್ಕೋ ಆರೂವರೆಗೋ ಹೊರಡುತ್ತದಲ್ಲ, ಆ ಬಸ್ಸು. ನಮ್ಮ ಮಲೆನಾಡಿನ ಕಡೆ ಹಾಲ್ಟಿಂಗ್ ಬಸ್ಸು ಅಂತೀವಿ. ಹುಬ್ಬಳ್ಳಿ, ಗದಗದ ಕಡೆ ವಸ್ತಿ ಬಸ್ಸು ಅಂತಾರೆ.

ಅದರ ಕೆಲಸ ಹೇಗೆ ನಡೆಯುತ್ತದೆ ಅಂತ ಪೇಟೆಯಲ್ಲೇ ಬೆಳೆದವರಿಗೆ ಗೊತ್ತಿರಲಿಕ್ಕಿಲ್ಲ. ಡ್ರೈವರ್ ಮತ್ತು ಕಂಡಕ್ಟರ್ ಮಧ್ಯಾಹ್ನದ ಹೊತ್ತಿಗೆ ಡಿಪೋದಿಂದ ಬಸ್ಸು ತೆಗೆಯುತ್ತಾರೆ. ಅಲ್ಲಿ ಇಲ್ಲಿ ಒಂದೆರಡು ಟ್ರಿಪ್ ಹೊಡೆದು ಕೊನೆಯ ಟ್ರಿಪ್ಪಿನಲ್ಲಿ ಹಳ್ಳಿಗೆ ಬರುತ್ತಾರೆ. ಆ ಟ್ರಿಪ್ಪಿನಲ್ಲಿ ಕೂತವರು ಸ್ಟಾಪಿಗೊಬ್ಬರಂತೆ ಇಳಿದು, ಕೊನೆಗೆ ಉಳಿಯುವವರು ನಾಲ್ಕೋ ಐದೋ ಜನ. ರಾತ್ರಿ ಇಬ್ಬರೂ ಬಸ್ಸಿನ ಸೀಟಿನ ಮೇಲೋ, ದೇವಸ್ಥಾನದ ಜಗಲಿಯಲ್ಲೋ, ಪಂಚಾಯ್ತಿಯವರು ಕೊಟ್ಟ ಒಂದು ಕೋಣೆಯಲ್ಲೋ ಮಲಗುತ್ತಾರೆ. ದಿನದ ಕಲೆಕ್ಷನ್ ಇರುವ ಚರ್ಮದ ಚೀಲ ಕಂಡಕ್ಟರ್ ತಲೆಯಡಿ ಇರುತ್ತದೆ. ಊಟ ಕೆಲವು ಊರುಗಳಲ್ಲಿ ಯಾವುದೋ ಮನೆಯಿಂದ ಬರುತ್ತದೆ, ಕೆಲವು ಊರುಗಳಲ್ಲಿ ಬುತ್ತಿ ತಂದಿರುತ್ತಾರೆ. ಬೆಳಗ್ಗೆ ಹಾಲಿನ ಕ್ಯಾನು, ಕಾಲೇಜು ಮಕ್ಕಳು, ಜಿಲ್ಲಾಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಗಾರೆ ಕೆಲಸದವರು ಎಲ್ಲರೂ ಆ ಒಂದೇ ಬಸ್ಸಿಗೆ ಹತ್ತುತ್ತಾರೆ.

ಇದರಲ್ಲಿ ಸಾರಿಗೆಯವರಿಗೂ ಒಂದು ಲೆಕ್ಕ ಇದೆ. ರಾತ್ರಿ ಖಾಲಿ ಬಸ್ಸನ್ನು ವಾಪಸ್ ಡಿಪೋಗೆ ಓಡಿಸಿ, ಬೆಳಗ್ಗೆ ಮತ್ತೆ ಖಾಲಿ ತಂದರೆ ಅದಕ್ಕೆ ಡೆಡ್ ಕಿಲೋಮೀಟರ್ ಅಂತಾರೆ. ಡೀಸೆಲ್ ಸುಡುತ್ತದೆ, ದುಡ್ಡು ಬರುವುದಿಲ್ಲ. ಊರಲ್ಲೇ ನಿಲ್ಲಿಸಿದರೆ ಅದು ಉಳಿಯುತ್ತದೆ. ಆದರೂ ಇಡೀ ರೂಟಿನ ಲೆಕ್ಕ ಹಾಕಿದರೆ, ಒಂದು ಕಿಲೋಮೀಟರ್ ಓಡಿಸಲು ಆಗುವ ಖರ್ಚಿಗಿಂತ ಅಲ್ಲಿ ಹುಟ್ಟುವ ಹಣ ಕಡಿಮೆಯೇ. ಅಂಥ ರೂಟಿಗೆ ಲಾಸ್ ರೂಟ್ ಅಂತ ಹೆಸರು. ನಾನು ಇಷ್ಟು ವರ್ಷದಿಂದ ಓದಿದ್ದು, ಕೇಳಿದ್ದು, ಓಡಾಡಿ ಕಂಡದ್ದು ಎಲ್ಲ ಸೇರಿ ನನ್ನನ್ನು ಒಂದೇ ಪ್ರಶ್ನೆಗೆ ತಂದು ನಿಲ್ಲಿಸಿದೆ. ಲಾಸ್ ಅಂತ ಗೊತ್ತಿದ್ದೂ ಆ ಬಸ್ಸನ್ನು ಓಡಿಸಬೇಕು ಅಂತ ಯಾರು, ಯಾವಾಗ ತೀರ್ಮಾನ ಮಾಡಿದರು? ಆ ಲಾಸನ್ನು ಯಾರು ಕಟ್ಟಿಕೊಂಡು ಬಂದರು?

ಸರ್ಕಾರ ಬರುವ ಮೊದಲು ಬಸ್ಸೇ ಇರಲಿಲ್ಲ ಅಂತಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲೇ ಹಳೆ ಮೈಸೂರಿನಲ್ಲೂ ಕರಾವಳಿಯಲ್ಲೂ ಖಾಸಗಿಯವರು ಬಸ್ಸು ಓಡಿಸುತ್ತಿದ್ದರು. ಒಬ್ಬರು ಒಂದು ಬಸ್ಸು ತಂದು ಅದನ್ನೇ ನಂಬಿಕೊಂಡು ಜೀವನ ಮಾಡುವುದು, ಅಣ್ಣ ಡ್ರೈವರ್, ತಮ್ಮ ಕಂಡಕ್ಟರ್. ಇದರಲ್ಲಿ ಸಾಹಸ ಇತ್ತು, ಶ್ರಮ ಇತ್ತು. ಮಣ್ಣು ರಸ್ತೆ, ಸೇತುವೆ ಇಲ್ಲದ ಹೊಳೆ, ಮಳೆಗಾಲದಲ್ಲಿ ಹೂತು ಹೋಗುವ ಚಕ್ರ ಎಲ್ಲವನ್ನೂ ದಾಟಿ ಓಡಿಸಿದವರು ಅವರು. ಆದರೆ ಹೊರಡುವ ಟೈಮು ಗಡಿಯಾರದ ಕೈಯಲ್ಲಿ ಇರಲಿಲ್ಲ, ಸೀಟು ತುಂಬಿದಾಗ ಹೊರಡುತ್ತಿತ್ತು. 1939ರ ಮೋಟಾರು ವಾಹನ ಕಾಯ್ದೆ ಬಂದ ಮೇಲೆ ಪರ್ಮಿಟ್, ರೂಟು, ದರ ಎಲ್ಲ ಒಂದು ಹದಕ್ಕೆ ಬಂದವು. ಅಷ್ಟರಲ್ಲಿ ಎರಡನೇ ಮಹಾಯುದ್ಧ. ಪೆಟ್ರೋಲಿಗೆ ರೇಷನ್. ಆಗ ಬಸ್ಸುಗಳಿಗೆ ಇದ್ದಿಲಿನ ಒಲೆ ಬಂತು. ದೊಡ್ಡ ಡ್ರಮ್ಮಿನಂಥ ಉಪಕರಣದಲ್ಲಿ ಇದ್ದಿಲು ಹಾಕಿ, ಕ್ಲೀನರ್ ಕೈಯಲ್ಲಿ ಫ್ಯಾನ್ ತಿರುಗಿಸಿ ಗ್ಯಾಸ್ ಎಬ್ಬಿಸಿ, ಆಮೇಲೆ ಇಂಜಿನ್ ಸ್ಟಾರ್ಟ್. ಏರು ಬಂದರೆ ಜನ ಇಳಿದು ನಡೆಯಬೇಕು, ಕೆಲವೊಮ್ಮೆ ತಳ್ಳಬೇಕು. ನಮ್ಮ ದೊಡ್ಡಪ್ಪ ಇದನ್ನು ಹೇಳುವಾಗ ಕೈ ತಿರುಗಿಸಿಯೇ ತೋರಿಸುತ್ತಿದ್ದರು, ಆ ಹೊಗೆಯ ವಾಸನೆ ಬಟ್ಟೆಯಿಂದ ಎರಡು ದಿನ ಹೋಗುತ್ತಿರಲಿಲ್ಲ ಅನ್ನುತ್ತಿದ್ದರು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಸೆಪ್ಟೆಂಬರ್ 12ರಂದು, ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. 120 ಬಸ್ಸು. ಇವತ್ತು ನಾಲ್ಕು ನಿಗಮ ಸೇರಿ 20 ಸಾವಿರಕ್ಕೂ ಹೆಚ್ಚು ಬಸ್ಸು ಇರುವಾಗ ಆ ಸಂಖ್ಯೆ ಚಿಕ್ಕದಾಗಿ ಕಾಣಬಹುದು. ಆದರೆ ಲೆಕ್ಕ ಬದಲಾದದ್ದು ಅವತ್ತೇ. ಒಬ್ಬ ಮಾಲೀಕನಿಗೆ ಒಂದೇ ಬಸ್ಸು, ಒಂದೇ ರೂಟು ಇದ್ದರೆ ಆ ರೂಟು ಗಿಟ್ಟಲೇಬೇಕು. ಗಿಟ್ಟದಿದ್ದರೆ ಅವನ ಮನೆಯ ಒಲೆ ಉರಿಯುವುದಿಲ್ಲ. ಒಬ್ಬರೇ ನೂರು ರೂಟು ಓಡಿಸಿದರೆ ಮಾತ್ರ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹುಟ್ಟಿದ ದುಡ್ಡಿನಿಂದ ಒಂದು ಹಳ್ಳಿಯ ಸಂಜೆ ಟ್ರಿಪ್ ಓಡಿಸಬಹುದು. ಈ ಮಾತು ಯಾವ ಭಾಷಣದಲ್ಲಿ ಬಂತೋ ಇಲ್ಲವೋ, ವ್ಯವಸ್ಥೆಯ ಒಳಗೆ ಅದೇ ಇತ್ತು.

ಇವತ್ತಿನ ಕರ್ನಾಟಕದ ಬಸ್ಸಿಗೆ ಬೇರು ಒಂದೇ ಅಲ್ಲ. ಇದನ್ನು ಬೆಂಗಳೂರಿನಲ್ಲಿ ಕೂತು ಬರೆಯುವವರು ಜಾಸ್ತಿ ಮರೆಯುತ್ತಾರೆ. ಕಲಬುರಗಿ, ಬೀದರ್, ರಾಯಚೂರು ಕಡೆಯ ಬಸ್ಸಿನ ಕಥೆ ಮೈಸೂರಿಗಿಂತ ಹಳೆಯದು. ಅಲ್ಲಿ ಹೈದರಾಬಾದಿನ ನಿಜಾಮರ ಸರ್ಕಾರ 1932ರಲ್ಲೇ, ತನ್ನ ರೈಲ್ವೆ ಇಲಾಖೆಯ ಒಂದು ಅಂಗವಾಗಿ, 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿತ್ತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಮುಂಬೈ ಸರ್ಕಾರದ ಎಸ್‌ಟಿ ಬಸ್ಸು ಮೊದಲು ಓಡಿದ್ದು 1948ರ ಜೂನ್ 1ರಂದು, ಪುಣೆಯಿಂದ ಅಹಮದ್‌ನಗರಕ್ಕೆ. ಮೈಸೂರಿನವರಿಗಿಂತ ಮೂರು ತಿಂಗಳು ಮೊದಲು. ಮಂಗಳೂರು ಮದ್ರಾಸಿನ ಕೆಳಗಿತ್ತು, ಅಲ್ಲಿ ಖಾಸಗಿ ಬಸ್ಸಿನದೇ ದರಬಾರು. ಕೊಡಗು ಪ್ರತ್ಯೇಕ. 1956ರಲ್ಲಿ ಇವೆಲ್ಲ ಒಂದೇ ರಾಜ್ಯವಾದಾಗ ಬೇರೆ ಬೇರೆ ರೂಢಿ, ಬೇರೆ ಬೇರೆ ಸಂಬಳ, ಬೇರೆ ಬೇರೆ ಭಾಷೆಯಲ್ಲಿ ಬರೆದ ಕಡತ ಇದ್ದ ಡಿಪೋಗಳು ಒಂದೇ ಸೂರಿನಡಿ ಬಂದವು. ಏಕೀಕರಣದ ಬಗ್ಗೆ ಮಾತಾಡುವಾಗ ನಾವು ಕವಿಗಳನ್ನೂ ನಾಯಕರನ್ನೂ ನೆನೆಯುತ್ತೇವೆ. ಬೀದರಿನ ಡ್ರೈವರ್ ಮತ್ತು ಚಾಮರಾಜನಗರದ ಡ್ರೈವರ್ ಒಂದೇ ಬಣ್ಣದ ಖಾಕಿ ಹಾಕಿದ್ದೂ ಏಕೀಕರಣವೇ ಅಲ್ವಾ.

1961ರ ಆಗಸ್ಟ್ 1ಕ್ಕೆ ಇಲಾಖೆ ಹೋಗಿ ನಿಗಮ ಆಯಿತು. ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆದಾಗ ನಿಗಮಕ್ಕೂ ಕೆಎಸ್‌ಆರ್‌ಟಿಸಿ ಅನ್ನುವ ಹೆಸರು ಬಂತು. ನಿಗಮ ಮಾಡಿದ್ದು 1950ರ ಕೇಂದ್ರ ಕಾಯ್ದೆಯ ಪ್ರಕಾರ, ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಅದನ್ನು ಒಮ್ಮೆ ತೆರೆದು ನೋಡಿ. 18ನೇ ಕಲಮು ಹೇಳುವುದು, ಜನರಿಗೆ ದಕ್ಷವಾದ, ಸಾಕಷ್ಟು ಇರುವ, ದುಬಾರಿಯಲ್ಲದ, ಒಂದಕ್ಕೊಂದು ಹೊಂದಿಕೊಂಡ ಸಾರಿಗೆ ಕೊಡುವುದು ನಿಗಮದ ಕರ್ತವ್ಯ ಅಂತ. ನಾಲ್ಕು ಕಲಮು ಮುಂದೆ ಹೋದರೆ 22ನೆಯದು ಹೇಳುತ್ತದೆ, ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಅಂತ. ಎರಡೂ ಒಂದೇ ಕಾಯ್ದೆಯಲ್ಲಿ ಇವೆ. ನಮ್ಮ ಬಸ್ಸಿನ ಎಪ್ಪತ್ತು ವರ್ಷದ ಜಗಳವೆಲ್ಲ ಈ ಎರಡು ಕಲಮುಗಳ ನಡುವಿನದು. ಸಾಕಷ್ಟು ಬಸ್ಸು ಕೊಡಬೇಕು ಅಂದರೆ ಹಾಲ್ಟಿಂಗ್ ಬಸ್ಸು ಓಡಿಸಬೇಕು. ವ್ಯಾಪಾರದ ತತ್ವ ಅಂದರೆ ಅದನ್ನೇ ಮೊದಲು ನಿಲ್ಲಿಸಬೇಕು. ಡಿಪೋ ಮ್ಯಾನೇಜರ್ ಮೇಜಿನ ಮೇಲೆ ಪ್ರತಿದಿನ ಬೆಳಗ್ಗೆ ಬಂದು ಬೀಳುವ ಪ್ರಶ್ನೆ ಇದು. ಮೇಲಿನವರು ಕಲೆಕ್ಷನ್ ಕೇಳುತ್ತಾರೆ, ಊರಿನವರು ಬಸ್ಸು ಕೇಳುತ್ತಾರೆ. ಇಬ್ಬರೂ ಕಾಯ್ದೆಯ ಒಂದೊಂದು ಪುಟ ಹಿಡಿದುಕೊಂಡೇ ಕೇಳುತ್ತಿರುತ್ತಾರೆ.

ಈಗ ಬೆಂಗಳೂರಿಗೆ ಬರೋಣ. ಇಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಅಂತ ಒಂದು ಖಾಸಗಿ ಸಂಸ್ಥೆ ನಗರದ ಬಸ್ಸು ಶುರು ಮಾಡಿತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು, ಹೆಸರು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್ ಆಯಿತು. ಬಿಟಿಎಸ್. ಬಿಟ್ರೆ ತಿರುಗಿ ಸಿಗೋಲ್ಲ ಅಂತ ಜನ ಅದನ್ನು ಬಿಡಿಸಿ ಹೇಳುತ್ತಿದ್ದದ್ದು ಎಲ್ಲರಿಗೂ ಗೊತ್ತು. 1961ರಲ್ಲಿ ಅದೂ ನಿಗಮದ ಒಳಗೆ ಸೇರಿತು. ಹಾಗೆ ಸುಮಾರು 36 ವರ್ಷ ನಗರದ ಬಸ್ಸು ಮತ್ತು ಹಳ್ಳಿಯ ಬಸ್ಸು ಒಂದೇ ಮನೆಯಲ್ಲಿದ್ದವು. ಆ ಕಾಲದ ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮಹಡಿಯ ಮುಂದಿನ ಸೀಟಿಗೆ ಮಕ್ಕಳು ಜಗಳ ಆಡಿದ್ದನ್ನು ಈಗಲೂ ಹೇಳುವವರಿದ್ದಾರೆ. ಟ್ರೇಲರ್ ಬಸ್ಸೂ ಇತ್ತು.

ಮೆಜೆಸ್ಟಿಕ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಕೆರೆಯ ಅಂಗಳದ ಮೇಲೆ ರಾಜ್ಯದ ಅರ್ಧ ಜನ ಬಂದು ಇಳಿಯುತ್ತಾರೆ. ಪಕ್ಕದಲ್ಲಿದ್ದ ಒಂದು ಟಾಕೀಸಿನ ಹೆಸರು ಇಡೀ ಜಾಗಕ್ಕೆ ಅಂಟಿಕೊಂಡಿತು, ಕೆಂಪೇಗೌಡರ ಹೆಸರಿಟ್ಟ ಮೇಲೂ ಬಾಯಲ್ಲಿ ಬರುವುದು ಮೆಜೆಸ್ಟಿಕ್ಕೇ. ಊರಿಂದ ಬಂದ ಬಸ್ಸಿನಿಂದ ಇಳಿದು, ಬ್ಯಾಗು ಹೆಗಲಿಗೆ ಹಾಕಿಕೊಂಡು, ರಸ್ತೆ ದಾಟಿ ಸಿಟಿ ಬಸ್ಸಿನ ಪ್ಲಾಟ್‌ಫಾರ್ಮ್ ಹುಡುಕುವುದು ನಮ್ಮಂಥ ಎಷ್ಟೋ ಜನರ ಬೆಂಗಳೂರಿನ ಮೊದಲ ಪಾಠ. ಆ ಎರಡು ನಿಲ್ದಾಣ ಎದುರುಬದುರು ಇರುವುದು ತುಂಬ ದೊಡ್ಡ ಅನುಕೂಲ, ಆದರೆ ಅದರ ಬೆಲೆ ತಿಳಿಯುವುದು ಬೇರೆ ರಾಜ್ಯಗಳ ದೊಡ್ಡ ಊರಿನಲ್ಲಿ ಲಗೇಜು ಹೊತ್ತು ಆಟೋ ಹುಡುಕುವಾಗ.

ಎಪ್ಪತ್ತರ ದಶಕದಲ್ಲಿ ಒಂದು ದೊಡ್ಡ ಜಗ್ಗಾಟ ನಡೆಯಿತು. ಮದುವೆ ದಿಬ್ಬಣಕ್ಕೆ, ಯಾತ್ರೆಗೆ ಅಂತ ಪರ್ಮಿಟ್ ತೆಗೆದುಕೊಂಡ ಖಾಸಗಿ ಬಸ್ಸುಗಳು ಸರ್ಕಾರಿ ರೂಟಿನಲ್ಲೇ ಟಿಕೆಟ್ ಕೊಟ್ಟು ಜನ ತುಂಬಿಸಿಕೊಂಡು ಹೋಗುತ್ತಿದ್ದವು. ಅವು ಹೋಗುತ್ತಿದ್ದದ್ದು ಹಣ ಹುಟ್ಟುವ ದೊಡ್ಡ ರಸ್ತೆಯಲ್ಲಿ. 1976ರಲ್ಲಿ ದೇವರಾಜ ಅರಸು ಸರ್ಕಾರ ಕಾನೂನು ಮಾಡಿ ಆ ಕಾಂಟ್ರಾಕ್ಟ್ ಬಸ್ಸುಗಳನ್ನೇ ವಶಕ್ಕೆ ತೆಗೆದುಕೊಂಡಿತು. ಮಾಲೀಕರು ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು, ಆದರೆ 1977ರಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಬರೆದ ಭಾಗವನ್ನು ಕಾನೂನು ಓದುವವರು ಇವತ್ತಿಗೂ ಓದುತ್ತಾರೆ. ನಮ್ಮ ಬಸ್ಸಿನ ಒಂದು ಜಗಳ ಇಡೀ ದೇಶದ ಸಂವಿಧಾನದ ಚರ್ಚೆಗೆ ಹೋಗಿ ಕೂತಿತು. ಬಸ್ಸುಗಳನ್ನು ಹಾಗೆ ವಶ ಮಾಡಿಕೊಂಡದ್ದು ಸರಿಯೋ ತಪ್ಪೋ ಅಂತ ಬೇರೆಯವರು ವಾದ ಮಾಡಲಿ. ಆದರೆ ದೊಡ್ಡ ರಸ್ತೆಯ ಲಾಭ ಬೇರೆಯವರ ಕೈಗೆ ಹೋದರೆ ಚಿಕ್ಕ ರಸ್ತೆಯ ಬಸ್ಸು ನಿಲ್ಲುತ್ತದೆ ಅನ್ನುವ ತಿಳುವಳಿಕೆ ಆಗ ವಿಧಾನಸೌಧದಲ್ಲಿ ಇತ್ತು. ಅದಕ್ಕೆ ನನ್ನ ಪೂರ್ತಿ ಗೌರವ ಇದೆ.

1997ರಲ್ಲಿ ಮನೆ ಪಾಲಾಯಿತು. ಆಗಸ್ಟ್ 15ಕ್ಕೆ ಬೆಂಗಳೂರು ನಗರದ ಬಸ್ಸು ಬಿಎಂಟಿಸಿ ಆಗಿ ಬೇರೆಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ವಾಯವ್ಯ ಸಾರಿಗೆ. 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ಸಾರಿಗೆ, ಈಗ ಅದು ಕಲ್ಯಾಣ ಕರ್ನಾಟಕ ಸಾರಿಗೆ. ಆಡಳಿತಕ್ಕೆ ಇದರಿಂದ ಅನುಕೂಲ ಆಯಿತು, ಸುಳ್ಳಲ್ಲ. ಯಾದಗಿರಿಯ ಡಿಪೋದ ಒಂದು ಕಡತ ಬೆಂಗಳೂರಿನವರೆಗೆ ಹೋಗಿ ಬರುವುದು ತಪ್ಪಿತು. ಬಿಎಂಟಿಸಿ ಮುಂದೆ ಚೆನ್ನಾಗಿ ಬೆಳೆಯಿತು, ಕೆಲವು ವರ್ಷ ಲಾಭವನ್ನೂ ಮಾಡಿತು. ದೇಶದಲ್ಲೇ ಮೊದಲು ನಗರದೊಳಗೆ ವೋಲ್ವೋ ಓಡಿಸಿದ್ದು ಅದೇ, ಹೊರ ವರ್ತುಲ ರಸ್ತೆಯ 500 ಸರಣಿಯ ಬಸ್ಸುಗಳಿಲ್ಲದೆ ಐಟಿ ಕಂಪನಿಗಳ ಬೆಂಗಳೂರನ್ನು ಊಹಿಸುವುದೂ ಕಷ್ಟ. ಆದರೆ ನಗರದ ಲಾಭ ನಗರದ ಪುಸ್ತಕದಲ್ಲೇ ಉಳಿಯಿತು. ಬಸ್ಸು ಜಾಸ್ತಿ ಬೇಕಿದ್ದ, ದುಡ್ಡು ಕಡಿಮೆ ಹುಟ್ಟುವ ಬರದ ಜಿಲ್ಲೆಗಳು ಒಂದು ಕಡೆ ಸೇರಿ ತಮ್ಮ ಲಾಸನ್ನು ತಾವೇ ನೋಡಿಕೊಳ್ಳಬೇಕಾಯಿತು. ಇದನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಕೇಳುವವರಿಗೆ ಬೇಜಾರಾದರೂ ಸರಿ. ಒಂದು ಡಿಪೋ ಲಾಸಿನಲ್ಲಿದೆ ಅಂದರೆ ಆ ಡಿಪೋದವರು ಕೆಲಸ ಮಾಡುತ್ತಿಲ್ಲ ಅಂತ ಅರ್ಥವಲ್ಲ. ಅವರಿಗೆ ಸಿಕ್ಕ ರಸ್ತೆ ಯಾವುದು ಅಂತ ಮೊದಲು ಕೇಳಬೇಕು.

ನಮ್ಮ ಕಡೆ ಕಥೆ ಪೂರಾ ಬೇರೆ. ಚಿಕ್ಕಮಗಳೂರು ಜಿಲ್ಲೆಯ ಘಟ್ಟದ ಭಾಗ, ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡ ಇಲ್ಲೆಲ್ಲ ಖಾಸಗಿ ಬಸ್ಸೇ ಬಸ್ಸು. ಇಲ್ಲಿನ ಜನ ಖಾಸಗಿ ಬಸ್ಸನ್ನು ಬೈದು ಮಾತಾಡಿದರೆ ನಂಬಬೇಡಿ, ಪ್ರೀತಿಯೂ ಅಷ್ಟೇ ಇದೆ. ಕೈ ತೋರಿಸಿದ ಕಡೆ ನಿಲ್ಲಿಸುತ್ತಾರೆ. ಔಷಧಿ ಚೀಟಿ ಕೊಟ್ಟರೆ ಸಂಜೆ ಔಷಧಿ ತಂದು ಮನೆ ಗೇಟಿನ ಹತ್ತಿರ ಇಳಿಸುತ್ತಾರೆ. ಮದುವೆ ಕರೆಯೋಲೆ, ಪೇಪರಿನ ಕಟ್ಟು, ಪಂಪಿನ ಮೋಟಾರು, ಅಡಿಕೆ ಸಸಿ ಎಲ್ಲಾ ಬಸ್ಸಿನ ಮೇಲೇ ಬರುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಮಿನಿ ಬಸ್ಸು ಇಳಿಸುವ ಡ್ರೈವರುಗಳ ಕೈಗೆ ದೊಡ್ಡ ನಮಸ್ಕಾರ ಹಾಕಬೇಕು, ಅದರಲ್ಲೂ ಜುಲೈ ತಿಂಗಳ ಮಂಜಿನಲ್ಲಿ.

ಈ ಖಾಸಗಿ ಬಸ್ಸಿನ ನಾಡಿನಲ್ಲೇ ಒಂದು ಅಪರೂಪದ ಪ್ರಯೋಗ ನಡೆಯಿತು, ಅದೂ ನಮ್ಮ ಕೊಪ್ಪದಲ್ಲಿ. ಶಂಕರ್ ಕಂಪನಿ ಅಂತ ಹಳೆಯ ಬಸ್ಸಿನ ಕಂಪನಿ ಇತ್ತು. ಮಾಲೀಕರಿಗೂ ಕಾರ್ಮಿಕರಿಗೂ ಬಗೆಹರಿಯದ ವಿವಾದ ಎದ್ದು, ಕೊನೆಗೆ 1991ರಲ್ಲಿ ಕಾರ್ಮಿಕರೇ ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡು ಬಸ್ಸು ಓಡಿಸಲು ಶುರು ಮಾಡಿದರು. ಸಹಕಾರ ಸಾರಿಗೆ. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ ಇವರೇ ಮಾಲೀಕರು. ಕೆಲವೇ ಬಸ್ಸಿನಿಂದ ಶುರುವಾದದ್ದು ಹತ್ತಾರು ಬಸ್ಸುಗಳಾಗಿ ಕೊಪ್ಪ, ಶೃಂಗೇರಿ, ಎನ್‌ಆರ್ ಪುರ, ತೀರ್ಥಹಳ್ಳಿಯ ಒಳ ರಸ್ತೆಗಳಿಗೆಲ್ಲ ಹೋಯಿತು. ಸರ್ಕಾರಿಯೂ ಅಲ್ಲದ, ಒಬ್ಬ ಧಣಿಯದೂ ಅಲ್ಲದ ಬಸ್ಸು. ಶಾಲೆ ಮಕ್ಕಳಿಗೆ ರಿಯಾಯಿತಿ ಕೊಡುತ್ತಿದ್ದರು. ಆ ರಿಯಾಯಿತಿಯ ಪಾಸು ಹಿಡಿದು ಹೈಸ್ಕೂಲು ಮುಗಿಸಿದ ಒಂದಿಡೀ ತಲೆಮಾರು ನಮ್ಮ ಕಡೆ ಇದೆ. ಹೆಣ್ಣುಮಕ್ಕಳು ಜಾಸ್ತಿ. ಏಳು ಕಿಲೋಮೀಟರ್ ಕಾಡುದಾರಿಯಲ್ಲಿ ನಡೆದು ಹೋಗಿ ಬಾ ಅಂತ ಮಗಳನ್ನು ಕಳಿಸದ ಅಪ್ಪ, ಬಸ್ಸಿದೆ ಅಂದರೆ ಕಳಿಸುತ್ತಿದ್ದ.

2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಿಂತಿತು. ಡೀಸೆಲ್, ಬಿಡಿ ಭಾಗ, ತೆರಿಗೆ, ವಿಮೆ ಎಲ್ಲ ಏರಿತ್ತು. ಮನೆಮನೆಗೆ ಬೈಕು ಬಂದಿತ್ತು. ನಷ್ಟ ಹೊರುವ ಶಕ್ತಿ ಸಂಘಕ್ಕೆ ಉಳಿದಿರಲಿಲ್ಲ. ಅದರ ಮರು ತಿಂಗಳೇ ಕೊರೊನಾ ಬಂದು ಎಲ್ಲ ಬಸ್ಸೂ ನಿಂತವು, ಹಾಗಾಗಿ ಒಂದು ಸಂಸ್ಥೆ ಮುಳುಗಿದ್ದು ಹೊರಗಿನವರಿಗೆ ಸರಿಯಾಗಿ ಕಾಣಿಸಲೇ ಇಲ್ಲ. ನನಗೆ ಇದರ ಬಗ್ಗೆ ಇವತ್ತಿಗೂ ಸಂಕಟ ಇದೆ. ಆ ಬಸ್ಸುಗಳನ್ನು ಓಡಿಸಿದವರು ಒಳ್ಳೆಯ ಮನಸ್ಸಿನವರು, ಕೆಲಸ ಬಲ್ಲವರು, ಊರನ್ನು ಬಲ್ಲವರು. ಆದರೂ ಸಾಲಲಿಲ್ಲ. ಹಿಂದೆ ಹೇಳಿದೆನಲ್ಲ, ಬೆಂಗಳೂರು–ಮೈಸೂರಿನಂಥ ರಸ್ತೆ ಅವರ ಹತ್ತಿರ ಒಂದೂ ಇರಲಿಲ್ಲ. ಎಲ್ಲ ರೂಟೂ ಒಳ ರಸ್ತೆಯೇ. ಮಕ್ಕಳ ರಿಯಾಯಿತಿಯ ಭಾರವನ್ನೂ ಅವರೇ ಹೊರಬೇಕಿತ್ತು.

ನಮ್ಮೂರಿಗೆ ಬರುತ್ತಿದ್ದದ್ದು ಇನ್ನೊಬ್ಬ ಮಾಲೀಕರ ಬಸ್ಸು. ಅದೂ ಮೊದಲು ಭಾನುವಾರ ನಿಂತಿತು, ಆಮೇಲೆ ಸಂಜೆಯ ಟ್ರಿಪ್ ಹೋಯಿತು, ಆಮೇಲೆ ಬರಲೇ ಇಲ್ಲ. ಬಸ್ಸು ಹೀಗೇ ಹೋಗುವುದು, ಯಾರೂ ಒಂದು ದಿನ ಬಂದು ನಿಲ್ಲಿಸಿದ್ದೇವೆ ಅಂತ ಹೇಳುವುದಿಲ್ಲ. ಮೊದಲು ಬಿಟ್ಟು ಹೋಗುವವರು ಬೈಕು ಇರುವ ಗಂಡಸರು. ಅವರು ಬಸ್ಸು ಹತ್ತುವುದು ನಿಂತ ಮೇಲೆ ಕಲೆಕ್ಷನ್ ಇಳಿಯುತ್ತದೆ. ಕಲೆಕ್ಷನ್ ಇಳಿದ ಮೇಲೆ ಟ್ರಿಪ್ ಕಡಿಮೆಯಾಗುತ್ತದೆ. ಟ್ರಿಪ್ ಕಡಿಮೆಯಾದ ಮೇಲೆ ಬೈಕಿಲ್ಲದವರೂ ಹೇಗೋ ಸಾಲ ಮಾಡಿ ಬೈಕು ತರುತ್ತಾರೆ. ಕೊನೆಗೆ ಉಳಿಯುವವರು ವಯಸ್ಸಾದವರು, ಹೆಂಗಸರು, ಓದುವ ಮಕ್ಕಳು. ನಮ್ಮ ಅತ್ತೆಗೆ ತಿಂಗಳಿಗೊಮ್ಮೆ ಶುಗರ್ ಮಾತ್ರೆಗೆ ಪೇಟೆಗೆ ಹೋಗಬೇಕು. ಈಗ ಯಾರಾದರೂ ಹುಡುಗರು ಆ ಕಡೆ ಹೊರಟಿದ್ದಾರಾ ಅಂತ ಹಿಂದಿನ ದಿನವೇ ಕೇಳಿಕೊಳ್ಳುತ್ತಾರೆ, ಇಲ್ಲದಿದ್ದರೆ ಆಟೋ. ಆಟೋ ಬಾಡಿಗೆ ಮಾತ್ರೆಯ ದುಡ್ಡಿಗಿಂತ ಜಾಸ್ತಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದ ಹೆಂಗಸರಿಗೆ ನಾಲ್ಕೂ ನಿಗಮಗಳ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆ ದುಡ್ಡು ಸರ್ಕಾರ ನಿಗಮಕ್ಕೆ ಕೊಡಬೇಕು. 2025ರ ಜುಲೈ ಹೊತ್ತಿಗೆ ಇಂಥ 500 ಕೋಟಿ ಟಿಕೆಟ್ ಹರಿದಿದ್ದವು. ಇದರ ಬಗ್ಗೆ ಹೊಗಳಿಕೆ ಎಷ್ಟೋ, ಗೊಣಗಾಟವೂ ಅಷ್ಟೇ. ಬಸ್ಸು ತುಂಬಿ ತುಳುಕುತ್ತದೆ, ನಿಲ್ಲಲೂ ಜಾಗ ಇಲ್ಲ ಅನ್ನುವುದು ನಿಜವೇ. ನಿಗಮಕ್ಕೆ ದುಡ್ಡು ಸಮಯಕ್ಕೆ ಸೇರಬೇಕು ಅನ್ನುವುದೂ ನಿಜ. ಆದರೆ ತರೀಕೆರೆ ಕಡೆ ಒಂದು ಬೆಳಗ್ಗೆ ಪಕ್ಕದಲ್ಲಿ ಕೂತ ಅಜ್ಜಿಯನ್ನು ಕಂಡಕ್ಟರ್ ಕೇಳಿದ.

"ಅಜ್ಜಿ, ಆಧಾರ್ ತೋರ್ಸಿ."

"ನಿನ್ನೆ ತೋರ್ಸಿದ್ನಲ್ಲಪ್ಪ."

"ಇವತ್ತೂ ತೋರ್ಸ್ಬೇಕಜ್ಜಿ, ಟಿಕೆಟ್ ಹರೀಬೇಕಲ್ಲ."

ನಿನ್ನೆಯೂ ಬಂದಿದ್ದರು, ಇವತ್ತೂ ಬಂದಿದ್ದಾರೆ. ಮಗಳ ಮನೆಗೆ, ಬಾಣಂತನಕ್ಕೆ ಅಂತ ಆಮೇಲೆ ಅವರೇ ಹೇಳಿದರು. ಮೊದಲಾದರೆ ಹೋಗಿ ಒಂದು ವಾರ ಅಲ್ಲೇ ಇರಬೇಕಿತ್ತಂತೆ, ಇಲ್ಲಿ ಹಸು ನೋಡುವವರಿಲ್ಲ. ಈಗ ದಿನಾ ಹೋಗಿ ಸಂಜೆ ಬರುತ್ತಾರೆ. ಇಷ್ಟು ಜನ ಹೆಂಗಸರು ಮೊದಲು ಎಲ್ಲಿದ್ದರು ಅಂತ ಬಸ್ಸಿನಲ್ಲಿ ನಿಂತು ಗೊಣಗುವವರು ಕೇಳುತ್ತಾರಲ್ಲ, ಮನೆಯಲ್ಲಿದ್ದರು. ಹೋಗಬೇಕಾದ ಕಡೆ ಹೋಗದೆ ಮನೆಯಲ್ಲಿದ್ದರು.

ಆದರೆ ಈ ಅಜ್ಜಿಗೆ ಸಿಕ್ಕದ್ದು ನಮ್ಮ ಅತ್ತೆಗೆ ಸಿಗಲಿಲ್ಲ. ಶಕ್ತಿ ಇರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಸರ್ಕಾರಿ ಬಸ್ಸೇ ಇಲ್ಲದ ಊರಿನಲ್ಲಿ ಆಧಾರ್ ಕಾರ್ಡು ಯಾರಿಗೆ ತೋರಿಸುವುದು? ಮಲೆನಾಡು, ಕರಾವಳಿಯ ಒಳಗಿನ ಹಳ್ಳಿಗಳಿಂದ ಸರ್ಕಾರಿ ಬಸ್ಸು ಬೇಕು ಅನ್ನುವ ಕೂಗು ಈಗ ಜೋರಾಗಿರುವುದು ಇದಕ್ಕೇ. ನನ್ನ ಪ್ರಕಾರ ಇದು ತುಂಬ ನ್ಯಾಯವಾದ ಕೂಗು. ತೆರಿಗೆ ಎಲ್ಲರೂ ಕಟ್ಟುತ್ತಾರೆ. ಯೋಜನೆಯ ಲಾಭ ಮಾತ್ರ ಎಪ್ಪತ್ತು ವರ್ಷದ ಹಿಂದೆ ಯಾವ ರೂಟು ರಾಷ್ಟ್ರೀಕರಣ ಆಗಿ ಸರ್ಕಾರದ ಕೈಗೆ ಬಂದಿತ್ತು, ಯಾವುದು ಬಂದಿರಲಿಲ್ಲ ಅನ್ನುವುದರ ಮೇಲೆ ನಿಂತುಬಿಟ್ಟಿದೆ. ಖಾಸಗಿಯವರ ಬಸ್ಸಿನಲ್ಲೂ ಇದನ್ನು ಕೊಟ್ಟು ಸರ್ಕಾರ ದುಡ್ಡು ತುಂಬಿಕೊಡಲಿ ಅನ್ನುವವರಿದ್ದಾರೆ. ನನಗೆ ಅದರಲ್ಲಿ ತಕರಾರಿಲ್ಲ, ಟೈಮಿಗೆ ಸರಿಯಾಗಿ ಬಂದು ಕೊನೆ ಸ್ಟಾಪಿನವರೆಗೆ ಹೋಗುವುದಾದರೆ.

ಓಡಿಸುವವರ ಮಾತೂ ಬರಬೇಕು. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಹೂಡಿದಾಗ ಎರಡು ವಾರ ಬಸ್ಸಿಲ್ಲದೆ ರಾಜ್ಯವೇ ಕಂಗೆಟ್ಟಿತ್ತು. ಆಗ ಅವರನ್ನು ಬೈದವರು ಬಹಳ. ಹಾಲ್ಟಿಂಗ್ ಡ್ಯೂಟಿ ಮಾಡುವವರು ವಾರದಲ್ಲಿ ಎಷ್ಟು ರಾತ್ರಿ ಮನೆಯಲ್ಲಿ ಇರುತ್ತಾರೆ ಅಂತ ಒಂದು ಸಲ ಕೇಳಿ ನೋಡಬೇಕು. ಸೊಳ್ಳೆ ಕಚ್ಚಿಸಿಕೊಂಡು ಸೀಟಿನ ಮೇಲೆ ಮಲಗಿ, ಬೆಳಗ್ಗೆ ಐದಕ್ಕೆ ಎದ್ದು, ಊರಿನವರ ಬೋರ್‌ವೆಲ್ಲಿನಲ್ಲಿ ಮುಖ ತೊಳೆದು, ಎಂಬತ್ತು ಜನರ ಜೀವ ಕೈಯಲ್ಲಿ ಹಿಡಿದು ಹೊರಡುವ ಕೆಲಸ ಅದು. ಅವರಿಗೆ ಮಲಗಲು ಒಂದು ಕೋಣೆ, ಒಂದು ಶೌಚಾಲಯ ಇಲ್ಲದ ಹಾಲ್ಟಿಂಗ್ ಸ್ಟಾಪುಗಳು ಈಗಲೂ ಇವೆ. ಹೊಸ ಮಾದರಿ ಬಸ್ಸಿನ ಉದ್ಘಾಟನೆಗೆ ಆಗುವ ಖರ್ಚಿನಲ್ಲಿ ಇಂಥ ಎಷ್ಟೋ ಕೋಣೆ ಕಟ್ಟಬಹುದು.

ಹಾಗಂತ ನಗರಕ್ಕೆ ಹಣ ಹಾಕಬಾರದು ಅಂತಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸಿಗೆ ಅದರದೇ ಪಥ ಮಾಡಿದಾಗ ಸಾವಿರಾರು ಜನರ ಓಡಾಟ ಹಗುರಾಯಿತು. ಬೆಂಗಳೂರಿಗೆ ಇನ್ನೂ ಎಷ್ಟೋ ಬಸ್ಸು ಬೇಕು. ನಗರದಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ, ಇಲ್ಲದಿದ್ದರೆ ಮೆಟ್ರೋ, ಆಟೋ ಏನೋ ಒಂದು ಇದೆ. ಹಳ್ಳಿಯಲ್ಲಿ ಬೆಳಗಿನ ಬಸ್ಸು ತಪ್ಪಿದರೆ ಆ ದಿನವೇ ತಪ್ಪಿತು. ಅದಕ್ಕೇ ನಾನು ಕೇಳುವುದು, ಸರ್ಕಾರ ಲಾಸ್ ರೂಟಿನ ಖರ್ಚನ್ನು ಬಜೆಟ್ಟಿನಲ್ಲಿ ಬೇರೆಯಾಗಿ ಬರೆದು ತೋರಿಸಲಿ. ಶಾಲೆಗೆ, ಆಸ್ಪತ್ರೆಗೆ, ರೇಷನ್ನಿಗೆ ಇಷ್ಟು ಅಂತ ಇಡುವ ಹಾಗೆ ಹಳ್ಳಿಯ ಕೊನೆಯ ಟ್ರಿಪ್ಪಿಗೆ ಇಷ್ಟು ಅಂತ ಇಡಲಿ. ಆಗ ಡಿಪೋ ಮ್ಯಾನೇಜರ್ ಒಬ್ಬ ತನ್ನ ಕಲೆಕ್ಷನ್ ಶೀಟು ನೋಡಿ ಹೆದರಿ ಒಂದು ಊರಿನ ಬಸ್ಸು ಕಿತ್ತುಹಾಕಬೇಕಾಗಿ ಬರುವುದಿಲ್ಲ.

ನಮ್ಮೂರಿನವರು ಈ ವರ್ಷ ಸಹಿ ಸಂಗ್ರಹಿಸಿ ಅರ್ಜಿ ಕೊಟ್ಟಿದ್ದಾರೆ. ಸರ್ವೆಗೆ ಜನ ಬಂದು ನೋಡಿಕೊಂಡು ಹೋದರು. ರಸ್ತೆ ಎರಡು ಕಡೆ ಕಿರಿದು, ಒಂದು ಮೋರಿ ಅಗಲ ಮಾಡಬೇಕು, ಕೊನೆಯಲ್ಲಿ ಬಸ್ಸು ತಿರುಗಿಸಲು ಜಾಗ ಬೇಕು ಅಂದರಂತೆ. ತಿರುಗಿಸುವ ಜಾಗಕ್ಕೆ ಶಾಲೆಯ ಹತ್ತಿರದ ಒಬ್ಬರು ತಮ್ಮ ಜಾಗದಲ್ಲಿ ಸ್ವಲ್ಪ ಬಿಟ್ಟುಕೊಡಲು ಒಪ್ಪಿದ್ದಾರೆ. ಮೋರಿಯ ಕೆಲಸ ಪಂಚಾಯ್ತಿಯಲ್ಲಿ ಪಾಸಾಗಬೇಕು. ಡ್ರೈವರ್, ಕಂಡಕ್ಟರ್ ಮಲಗಲು ಹಳೆ ಯುವಕ ಸಂಘದ ಕೋಣೆಗೆ ಸುಣ್ಣ ಹೊಡೆಸಿ, ಫ್ಯಾನು ಹಾಕಿಸುವುದು ಅಂತ ಮಾತಾಗಿದೆ. ಬೆಳಗ್ಗೆ ಆರೂವರೆಗೆ ಹೊರಡಬೇಕು ಅಂತ ಕಾಲೇಜು ಮಕ್ಕಳು, ಡೈರಿಗೆ ಹಾಲು ಹಾಕಿ ಬರುವಷ್ಟು ಹೊತ್ತು ಬೇಕು, ಏಳಕ್ಕೆ ಇರಲಿ ಅಂತ ಹೆಂಗಸರು. ಆ ಚರ್ಚೆ ಇನ್ನೂ ಮುಗಿದಿಲ್ಲ.